ಬೋಕಿಗೂ ಒಂದು ವಿಳಾಸವಿದೆ

ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿದೆ. ಗುಡಿ ಕಂಡರೆ ಎಲ್ಲರೂ ಕೈ ಮುಗಿಯುತ್ತೇವೆ. ಆದರೆ ಇಂಥ ಗುಡಿಗಳನ್ನು ಕಟ್ಟಿದ ಜನ ಉಂಡ ಮಡಕೆ, ಉರಿಸಿದ ಒಲೆ, ಮಲಗಿದ ನೆಲ ಎಲ್ಲಿವೆ? ಸುತ್ತಲಿನ ಮಣ್ಣಿನಲ್ಲಿ. ಆ ಮಣ್ಣನ್ನು ಕೇಳುವವರಿಲ್ಲ.

ಮಂಡ್ಯ ಸೀಮೆಯಲ್ಲಿ ಹಾಳೂರ ದಿಬ್ಬ ಎಂದರೆ ಬಿಟ್ಟಿ ಮಣ್ಣು. ಲೇಔಟಿಗೂ ಅದೇ, ರಸ್ತೆಗೂ ಅದೇ, ತೋಟಕ್ಕೂ ಅದೇ. ಜೆಸಿಬಿ ಒಮ್ಮೆ ಬಾಯಿ ಹಾಕಿದರೆ ಶತಮಾನಗಳ ಪದರ ಟ್ರ್ಯಾಕ್ಟರಿಗೆ ಬಿತ್ತು. ಹಗಲು ಮಣ್ಣು ತೋಡುವವರಾದರೆ ಅಮಾವಾಸ್ಯೆ ರಾತ್ರಿ ನಿಧಿಗಳ್ಳರು: ನಿಂಬೆಹಣ್ಣು, ಕುಂಕುಮ, ಹಾರೆ. ಹೊನ್ನಿನ ಕೊಪ್ಪರಿಗೆ ಸಿಗದ ಸಿಟ್ಟಿಗೆ ಸಿಕ್ಕಿದ್ದನ್ನೆಲ್ಲ ಒಡೆದು ಹೋಗುತ್ತಾರೆ.

‘ಬರೀ ಬೋಕಿ, ಒಡೆದ ಮಡಕೆಯ ಚೂರು ತಾನೇ, ಹೋದರೆ ಹೋಗಲಿ’ ಎನ್ನುವವರು ಕೇಳಿ. ಚೀನಾದ ಆನ್ಯಾಂಗ್‌ನಲ್ಲಿ 1971ರಲ್ಲಿ ಫಾನ್ ಚೂಯಿ ಎಂಬವನ ಸಮಾಧಿ ಅಗೆದರು. ಬಿಳಿ ಮೆರುಗಿನ ಪಾತ್ರೆಗಳು ಸಿಕ್ಕವು. ಪಕ್ಕದಲ್ಲೇ ಕಲ್ಲಿನ ಬರಹವಿತ್ತು, ಅದರಲ್ಲಿ 575ರ ಕಾಲವಿತ್ತು. ಅಲ್ಲಿನ ಬಿಳಿ ಪಿಂಗಾಣಿಯ ಮೊದಲ ಹೆಜ್ಜೆ ಹುಡುಕುವವರು ಇಂದಿಗೂ ಆ ಸಮಾಧಿಯನ್ನು ನೆನೆಯುತ್ತಾರೆ. ಕಳ್ಳ ಮೊದಲೇ ನುಗ್ಗಿದ್ದರೆ? ಪಾತ್ರೆ ಉಳಿಯುತ್ತಿತ್ತು, ಕಾಲ ಅಳಿಯುತ್ತಿತ್ತು.

ನಮ್ಮ ಹಂಪಿಯಲ್ಲೂ ಗಣ್ಯರ ಮನೆಗಳನ್ನು ಅಗೆದಾಗ ಚೀನಾ ಪಿಂಗಾಣಿಯ ಚೂರುಗಳು ಬಂದವು. ಬಿದ್ದಲ್ಲೇ ಸಿಕ್ಕಿದ್ದಕ್ಕೆ ತಾನೇ ‘ಇದು ಯಾರ ಮನೆಯ ಊಟದ ತಟ್ಟೆ’ ಎಂದು ಕೇಳಲಾದದ್ದು? ಹೊಯ್ಸಳರು ಗುಡಿ ಕಟ್ಟುತ್ತಿದ್ದ ಕಾಲಕ್ಕೇ ಚೀನಾದ ಡಿಂಗ್ ಆವಿಗೆಗಳಲ್ಲಿ ದಂತದ ಬಣ್ಣದ ಬಟ್ಟಲುಗಳು ಬೇಯುತ್ತಿದ್ದವು. ಬೋರಲು ಹಾಕಿ ಸುಡುತ್ತಿದ್ದರಿಂದ ಬಾಯಂಚಿಗೆ ಮೆರುಗು ಇರುತ್ತಿರಲಿಲ್ಲ. ಆ ಒರಟು ಮುಚ್ಚಲು ತಾಮ್ರದ ಪಟ್ಟಿ ಕಟ್ಟುತ್ತಿದ್ದರು. ಅಂಥದೊಂದು ಚೂರು ಕರಾವಳಿಗೆ ಇಳಿದು, ಘಟ್ಟ ಹತ್ತಿ ನಮ್ಮ ಸೀಮೆಗೆ ಬಂದಿತ್ತೇ? ಉತ್ತರ ಹೇಳಬೇಕಾದ ಮಣ್ಣನ್ನೇ ಲೋಡುಗಟ್ಟಲೆ ಮಾರಿಕೊಂಡು ಕೂತಿದ್ದೇವೆ!

ಗಾಜಿನ ಬೀರುವಿನ ಸಂಗ್ರಹಕಾರರೇ, ನೀವೂ ಸಾಚಾ ಅಲ್ಲ. ಬೆಲೆ ಕೇಳುತ್ತೀರಿ, ಮೆರುಗು ಸವರಿ ನೋಡುತ್ತೀರಿ, ಎಲ್ಲಿ ಸಿಕ್ಕಿತು ಎಂದು ಮಾತ್ರ ಕೇಳುವುದಿಲ್ಲ. ಕೇಳದೆ ಎಣಿಸಿಕೊಟ್ಟ ಪ್ರತಿ ನೋಟೂ ಮುಂದಿನ ಗುಂಡಿಗೆ ಕೊಟ್ಟ ಕೂಲಿ. ನೂರು ವರ್ಷ ದಾಟಿದ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕೆನ್ನುವ 1972ರ ಕಾಯ್ದೆ ಇದೆ, ಇದ್ದೂ ಇಲ್ಲದಂತಿದೆ.

ಪಂಚಾಯಿತಿಯವರೇ, ದಿಬ್ಬಕ್ಕೆ ಯಂತ್ರ ಇಳಿಸುವ ಮೊದಲು ಮೈಸೂರಿನ ಪುರಾತತ್ವ ಇಲಾಖೆಗೆ ಒಂದು ಕಾಗದ ಬರೆಯಿರಿ. ಇಲಾಖೆಯವರೇ, ಆ ಕಾಗದವನ್ನು ಕಡತದಲ್ಲಿ ಮಲಗಿಸದೆ ಜನ ಕಳಿಸಿ. ರೈತ ಬಂಧುಗಳೇ, ವಿಚಿತ್ರ ಚೂರು ಕಂಡರೆ ಎತ್ತಬೇಡಿ. ಇದ್ದಲ್ಲೇ ಫೋಟೊ ತೆಗೆದು ತಿಳಿಸಿ. ಬಿದ್ದ ಗುಡಿಯ ಕಲ್ಲು ಜೋಡಿಸಿ ಮತ್ತೆ ಕಟ್ಟಬಹುದು. ಕೆದಕಿ ಕಲಸಿದ ಮಣ್ಣಿನ ಪದರವನ್ನು ಯಾವ ಸರ್ಕಾರವೂ ಮತ್ತೆ ಹಾಸಲಾರದು.