ಲೈನ್ ಮನೆಯವರೂ ಗ್ರಾಮಸಭೆಯೂ

ಕಾಫಿ ಕೊಯ್ಲಿಗೆ ಆಳು ಸಿಗುವುದಿಲ್ಲವೆಂದು ನಾವು ಪ್ರತಿ ವರ್ಷವೂ ದೂರುತ್ತೇವೆ. ಆಳುಗಳು ಮುಪ್ಪಿನಲ್ಲಿ ಎಲ್ಲಿ ಇರಬೇಕೆಂಬ ಮಾತು ಮಾತ್ರ ನಮ್ಮ ಸಭೆಗಳಲ್ಲಿ ಬರುವುದಿಲ್ಲ.

2016ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ, ಅರಣ್ಯ ಜಾಗವೆಂಬ ಕಾರಣಕ್ಕೆ, 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಲಾಯಿತು. ಅವರಲ್ಲಿ ಬಹಳ ಮಂದಿ ತೋಟದ ಲೈನ್ ಮನೆ ಬಿಟ್ಟು ಬಂದವರು. ಹೋರಾಟದ ಬಳಿಕ ಅವರಿಗೆ ನೆಲೆ ತೋರಿಸಿದ್ದು ದೂರದಲ್ಲಿ, ಅಂದಿನ ಸೋಮವಾರಪೇಟೆ ತಾಲ್ಲೂಕಿನ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ.

ಲೈನ್ ಮನೆ ಕೆಲಸದೊಡನೆ ಬರುತ್ತದೆ, ಕೆಲಸದೊಡನೆ ಹೋಗುತ್ತದೆ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯಿದೆ ದೊಡ್ಡ ತೋಟಗಳ ಮಾಲೀಕರ ಮೇಲೆ ವಸತಿಯ ಹೊಣೆ ಹೊರಿಸಿತೇ ಹೊರತು ಕೂಲಿಕಾರರಿಗೆ ಸ್ವಂತ ಸೂರು ಕೊಡಲಿಲ್ಲ. ಆ ಕೆಲಸ ಪಂಚಾಯತಿಯಿಂದ ಆಗಬೇಕು. 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯದು. ಆದರೆ ಗ್ರಾಮಸಭೆಯ ದಿನ ಕೂಲಿಕಾರರು ತೋಟದಲ್ಲಿರುತ್ತಾರೆ, ನಾವು ಮನೆಯಲ್ಲಿರುತ್ತೇವೆ. ಕೇಳುವವರಿಲ್ಲದ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟರೂ ನಡೆಯುತ್ತದೆ.

ವಾಸದ ಪತ್ರ ಬರೆದುಕೊಟ್ಟರೆ ಜಾಗ ಕೈಬಿಟ್ಟೀತೆಂದು ನಮ್ಮಲ್ಲಿ ಕೆಲವರಿಗೆ ಅಂಜಿಕೆ. ಪಂಚಾಯತಿಯಿಂದ ನಿವೇಶನ ಸಿಕ್ಕಿದವನಿಗೆ ನಮ್ಮ ತೋಟದ ಮೂಲೆ ಏಕೆ ಬೇಕು?

ಆದುದರಿಂದ ಸದಸ್ಯ ಬಾಂಧವರಲ್ಲಿ ವಿನಂತಿ: ಗ್ರಾಮಸಭೆಯ ದಿನ ಆಳುಗಳಿಗೆ ಕೂಲಿ ಸಹಿತ ರಜೆ ಕೊಡಿ. ಬೇಕಾದ ಪತ್ರ ಬರೆದುಕೊಡಿ. ನೀವೂ ಹೋಗಿ ಕುಳಿತು ಕೇಳಿ: ಊರಿನಲ್ಲಿ ನಿವೇಶನವಿಲ್ಲದವರು ಎಷ್ಟು, ಗುರುತಿಸಿದ ಜಾಗ ಎಲ್ಲಿದೆ, ಕಟ್ಟಿದ ಮನೆಗೆ ನೀರು, ದಾರಿ ಬಂದಿದೆಯೇ, ಹಕ್ಕುಪತ್ರ ಕೈಸೇರಿದೆಯೇ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಮುಂದಿನ ಸಭೆಯಲ್ಲಿ ಅದನ್ನೇ ಓದಿಸಿ.