ಜೆಂಕಿನ್ಸ್: ತಲೆಯಿಂದ ಫೈಲಿಗೆ

ಬರೆದ ಕೋಡು ಬಿಲ್ಡ್ ಆಯ್ತೋ, ಮುರೀತೋ ಅಂತ ಕಾವಲು ಕಾಯೋ ಜೆಂಕಿನ್ಸ್ ನಿಮಗೂ ಗೊತ್ತಿರಬಹುದು. ಹಡ್ಸನ್ ಅಂತಿದ್ದದ್ದು ಒರಾಕಲ್ ಜೊತೆಗಿನ ಜಟಾಪಟಿಯಿಂದ 2011ರಲ್ಲಿ ಜೆಂಕಿನ್ಸ್ ಆಯ್ತು. ಡೇಟಾಬೇಸ್ ಬೇಡ, ಎಲ್ಲ ಎಕ್ಸ್‌ಎಂಎಲ್ ಫೈಲುಗಳಲ್ಲೇ; ಹಾಕ್ಕೊಳ್ಳೋದು ಸುಲಭ. ಆದರೆ ಪ್ಲಗಿನ್‌ಗಳೆಲ್ಲ ಒಂದೇ ಜೆವಿಎಂ ಒಳಗೆ. ಒಂದು ಕೆಟ್ಟರೆ ಇಡೀ ಮನೆ ಅಲುಗಾಡಬಹುದು.

ಜನ ಬೈಯೋದು ಇದನ್ನೇ. ನನ್ನ ತಕರಾರು ಬೇರೆ. ನಮ್ಮ ಹಳೇ ಟೀಮಿನಲ್ಲಿ ಬಿಲ್ಡಿನ ಗುಟ್ಟೆಲ್ಲ ಸೆಟ್ಟಿಂಗ್ ಕ್ಲಿಕ್ಕಿಸಿದ ಒಬ್ಬರ ತಲೆಯಲ್ಲಿತ್ತು. ಅವರು ಕೆಲಸ ಬಿಟ್ಟ ಮೇಲೆ ಆ ಪೇಜು ಮುಟ್ಟೋಕೇ ಎಲ್ಲರಿಗೂ ಭಯ! 2016ರ ಜೆಂಕಿನ್ಸ್ 2.0 ಪೈಪ್‌ಲೈನನ್ನು ಮುಂದೆ ತಂದಿತು: ಆ ಸೂಚನೆಗಳೆಲ್ಲ ಜೆಂಕಿನ್ಸ್‌ಫೈಲ್ ಆಗಿ ಕೋಡಿನ ಪಕ್ಕದಲ್ಲೇ. ಯಾರು, ಯಾವಾಗ ಬದಲಿಸಿದರು ಅಂತ ಗಿಟ್ ಹೇಳುತ್ತೆ. ಜೆವಿಎಂ ಕಟ್ಟು ಹಾಗೇ ಉಳಿದಿದ್ದರೂ ದೊಡ್ಡ ಬದಲಾವಣೆ ಇದೇ ಅಂತೀನಿ. ನೀವೇನಂತೀರಿ?