ಪಾಠೋಪಕರಣಕ್ಕೆ ಮನೆಯಲ್ಲೊಂದು ಮೂಲೆ

ಏಳನೇ ತರಗತಿ, ಉಸಿರಾಟದ ಪಾಠ. ನನ್ನ ಬೋಧನಾಭ್ಯಾಸದ ಆರನೆಯ ಪಾಠವದು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರಾದ ಮೇಡಂ ವೀಕ್ಷಣಾ ಪುಸ್ತಕ ತೆರೆದು ಕುಳಿತಿದ್ದರು. ಮೇಜಿನ ಮೇಲೆ ನಾನೇ ಮಾಡಿದ ಶ್ವಾಸಕೋಶದ ಮಾದರಿ ಇತ್ತು. ತಳ ಕತ್ತರಿಸಿದ ಒಂದು ಲೀಟರಿನ ನೀರಿನ ಬಾಟಲಿ, ಮುಚ್ಚಳದ ತೂತಿನಿಂದ ಒಳಕ್ಕೆ ಇಳಿಬಿಟ್ಟ ಕೊಳವೆ, ಅದರ ಎರಡು ಕವಲುಗಳಿಗೆ ಕಟ್ಟಿದ ಎರಡು ಬಲೂನು, ತಳದಲ್ಲಿ ವಪೆಯ ಸ್ಥಾನದಲ್ಲಿ ಬಿಗಿದ ಇನ್ನೊಂದು ಬಲೂನಿನ ತುಂಡು. ತಳದ ರಬ್ಬರನ್ನು ಕೆಳಕ್ಕೆ ಎಳೆದರೆ ಬಾಟಲಿಯೊಳಗೆ ಜಾಗ ಹೆಚ್ಚಿ, ಒತ್ತಡ ತಗ್ಗಿ, ಹೊರಗಿನ ಗಾಳಿ ಕೊಳವೆಯ ಮೂಲಕ ನುಗ್ಗಿ ಬಲೂನುಗಳು ಉಬ್ಬಬೇಕು. ಎಳೆದೆ. ಉಬ್ಬಲಿಲ್ಲ. ಮತ್ತೊಮ್ಮೆ ಜೋರಾಗಿ ಎಳೆದೆ. ಮುಚ್ಚಳದ ಹತ್ತಿರ ಸುಯ್ ಎಂದಿತೇ ಹೊರತು ಬಲೂನುಗಳು ಜೋಲುಬಿದ್ದೇ ಇದ್ದವು. ಮುಂದಿನ ಸಾಲಿನ ಹುಡುಗನೊಬ್ಬ, "ಮಿಸ್, ಪೇಷೆಂಟ್ ಹೋಗ್ಬಿಟ್ಟ" ಅಂದ. ಇಡೀ ತರಗತಿ ನಕ್ಕಿತು. ನಾನೂ ನಕ್ಕಂತೆ ಮಾಡಿ, ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಪಾಠ ಮುಗಿಸಿದೆ.

ಆ ದಿನದ ವೀಕ್ಷಣಾ ಪುಟದಲ್ಲಿ ಪಾಠೋಪಕರಣಕ್ಕೆ ಸಿಕ್ಕಿದ್ದು ಐದಕ್ಕೆ ನಾಲ್ಕು ಅಂಕ. "ಆಕರ್ಷಕವಾಗಿದೆ" ಎಂಬ ಷರಾ ಬೇರೆ. ಮೇಡಂ ಮೇಲೆ ಇದು ದೂರಲ್ಲ. ನಮೂನೆಯಲ್ಲಿ ಕೇಳಿರುವುದೇ ಗಾತ್ರ, ಬಣ್ಣ, ಅಕ್ಷರದ ಸ್ಪಷ್ಟತೆ, ವಿಷಯಕ್ಕೆ ಹೊಂದಿಕೆ. ನನ್ನ ಮಾದರಿಗೆ ಇವೆಲ್ಲ ಇದ್ದವು. ಕೆಲಸ ಮಾಡಿತೇ ಎಂಬ ಕಾಲಮ್ಮು ಮಾತ್ರ ಇರಲಿಲ್ಲ.

ಅದು ಯಾಕೆ ಕೆಡಬೇಕಾಗಿತ್ತು ಎಂದು ಮನೆಗೆ ಬಂದು ನೋಡಿದೆ. ಕಾರಣ ಬಹಳ ಸಣ್ಣದು. ಮುಚ್ಚಳ ಮತ್ತು ಕೊಳವೆ ಸೇರುವಲ್ಲಿ ಫೆವಿಕಾಲ್ ಮೆತ್ತಿದ್ದೆ. ಅದು ಕಾಗದಕ್ಕೆ, ಮರಕ್ಕೆ ಸರಿ, ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ. ಮೇಲಾಗಿ ಒಳಗೆ ಇನ್ನೂ ಹಸಿಯೇ ಇತ್ತು. ರಾತ್ರಿ ಊಟದ ಪಾತ್ರೆ ಎತ್ತಿಟ್ಟ ಮೇಲೆ, ಹನ್ನೊಂದೂವರೆಗೆ, ಅಡುಗೆಮನೆಯ ನೆಲದ ಮೇಲೆ ಕುಳಿತು ಮಾಡಿದ್ದು. ಬೆಳಿಗ್ಗೆ ಏಳೂವರೆಗೆ ಚೀಲಕ್ಕೆ ತುರುಕಿದ್ದು. ಒಮ್ಮೆಯೂ ಎಳೆದು ನೋಡಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಪ್ರಯೋಗಾಲಯದಲ್ಲಿ ಕಳೆದವಳು ನಾನು. ಪರೀಕ್ಷಿಸದ ಉಪಕರಣವನ್ನು ನಲವತ್ತು ಮಕ್ಕಳ ಮುಂದೆ ಇಡಬಾರದೆಂದು ನನಗೆ ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಗೊತ್ತಿತ್ತು. ಅರ್ಧ ಮಾಡಿದ್ದನ್ನು ಹಾಗೇ ಬಿಟ್ಟು ಮಲಗಲು ಮನೆಯಲ್ಲಿ ಜಾಗ ಇರಲಿಲ್ಲ, ಅಷ್ಟೇ. ಬೆಳಿಗ್ಗೆ ಐದಕ್ಕೆ ಆ ನೆಲವನ್ನು ಗುಡಿಸಿ ಒರೆಸಲೇಬೇಕು. ಆದ್ದರಿಂದ ಕುಳಿತ ಒಂದೇ ಪಟ್ಟಿಗೆ ಮುಗಿಸಿ ಎದ್ದೇಳಬೇಕು.

ನಮ್ಮ ಪಾಠೋಪಕರಣಗಳು ಕಳಪೆಯಾಗುವುದಕ್ಕೆ ಹಣವಿಲ್ಲ, ಕೈಚಳಕವಿಲ್ಲ, ಆಸಕ್ತಿಯಿಲ್ಲ ಎಂದು ಕಾರಣ ಕೊಡುತ್ತೇವೆ. ಮುಖ್ಯ ಕಾರಣ ಜಾಗ ಎಂದು ನನ್ನ ಅಭಿಪ್ರಾಯ. ದೊಡ್ಡ ಜಾಗವಲ್ಲ. ಮುಗಿಯದ ಕೆಲಸ ಮರುದಿನದವರೆಗೆ ಯಾರ ಕೈಗೂ ಕಾಲಿಗೂ ಸಿಗದೆ ಇರಬಲ್ಲಷ್ಟು ಜಾಗ.

ಇದು ಹೊಳೆದದ್ದು ಪುಸ್ತಕದಿಂದಲ್ಲ. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅದರಲ್ಲೇ ನಡುಮನೆಯ ಕಿಟಕಿ ಪಕ್ಕ ಅಮ್ಮನ ಹೊಲಿಗೆ ಮಷೀನು ಇಪ್ಪತ್ತು ವರ್ಷದಿಂದ ಇದೆ. ಪಕ್ಕದಲ್ಲಿ ಮೊಳೆ ಹೊಡೆದು ಕಟ್ಟಿದ ಹಗ್ಗ, ಅದರ ಮೇಲೆ ತೋಳು ಹಚ್ಚದ ಬ್ಲೌಸು, ಕಾಜ ಮಾಡದ ಬ್ಲೌಸು, ಒಂದೊಂದಕ್ಕೂ ಗುಂಡುಪಿನ್ನಿನಲ್ಲಿ ಚೀಟಿ. ಬಾಬಿನ್‌ಗಳು ಒಂದು ಹಳೇ ಪೌಡರ್ ಡಬ್ಬಿಯಲ್ಲಿ, ಹುಕ್ಕುಗಳು ಇನ್ನೊಂದರಲ್ಲಿ. ಲೈನಿಂಗ್ ಬಟ್ಟೆಯ ತುಂಡುಗಳು ಬಣ್ಣದ ಪ್ರಕಾರ ಗಂಟು ಕಟ್ಟಿ ಮಷೀನಿನ ಕಾಲ ಬಳಿ. ಕರೆಂಟ್ ಹೋದರೂ ಅಮ್ಮ ಕೈ ಚಾಚಿದರೆ ಬೇಕಾದದ್ದು ಸಿಗುತ್ತದೆ. ನೆಂಟರು ಬಂದರೂ ಆ ಹಗ್ಗ ಬಿಚ್ಚುವುದಿಲ್ಲ. "ಅದು ತೆಗೆದ್ರೆ ನಾಳೆ ಎಲ್ಲಿಂದ ಶುರು ಮಾಡ್ಲಿ?" ಅನ್ನುತ್ತಾಳೆ. ಕರಕುಶಲಕ್ಕೆ ಮನೆಯಲ್ಲಿ ಜಾಗ ಹೇಗೆ ಹೊಂದಿಸಬೇಕು ಎಂಬ ಪಾಠ ದಿನಾ ಕಣ್ಣೆದುರಿಗೇ ಇತ್ತು. ನಾನು ಮಾತ್ರ ಕಾಲೇಜಿನಲ್ಲಿ 1937ರ ವಾರ್ಧಾ ಯೋಜನೆ, ಕೈಕಸುಬಿನ ಮೂಲಕ ಶಿಕ್ಷಣ ಎಂದು ಹತ್ತು ಅಂಕಕ್ಕೆ ಉತ್ತರ ಬಾಯಿಪಾಠ ಮಾಡುತ್ತಿದ್ದೆ.

ಅಮ್ಮನ ಹತ್ತಿರ ಜಾಗ ಕೇಳಿದೆ. ಮಲಗುವ ಕೋಣೆಯ ಬಾಗಿಲ ಹಿಂದೆ, ಟ್ರಂಕಿನ ಮೇಲೆ, ನಾಲ್ಕಡಿ ಉದ್ದ ಒಂದೂವರೆ ಅಡಿ ಅಗಲದ ಒಂದು ಪ್ಲೈವುಡ್ ಹಲಗೆ ಹಾಕಿಕೊಟ್ಟಳು. ಬಾಗಿಲು ಪೂರ್ತಿ ತೆರೆಯುವುದಿಲ್ಲ ಎಂದು ಅಪ್ಪ ಒಂದು ವಾರ ಗೊಣಗಿದರು. ಅಮ್ಮ ಹಾಕಿದ ಷರತ್ತು ಒಂದೇ: ತನ್ನ ಬಟ್ಟೆ ಕತ್ತರಿಯನ್ನು ನಾನು ಮುಟ್ಟಬಾರದು. ಒಮ್ಮೆ ಅದರಲ್ಲಿ ಡ್ರಾಯಿಂಗ್ ಶೀಟು ಕತ್ತರಿಸಿ ಮೊಂಡು ಮಾಡಿ, ಸಾಣೆ ಹಿಡಿಯುವವನು ಬರುವ ತನಕ ಬೈಸಿಕೊಂಡಿದ್ದೆ.

ಮೊದಲ ಸಲ ನಾನು ಆ ಮೂಲೆಯನ್ನು ಜೋಡಿಸಿದ್ದು ತಪ್ಪಾಗಿತ್ತು. ಮೊಬೈಲಿನಲ್ಲಿ ನೋಡಿದ ವಿಡಿಯೋಗಳಂತೆ ಒಂದೇ ಅಳತೆಯ ಡಬ್ಬಿಗಳು, ಮುದ್ದಾದ ಲೇಬಲ್ಲುಗಳು: ಕಾಗದ, ಪ್ಲಾಸ್ಟಿಕ್, ತಂತಿ, ದಾರ, ಬಣ್ಣ. ಫೋಟೋ ತೆಗೆಯಲು ಚೆನ್ನಾಗಿತ್ತು. ಕೆಲಸಕ್ಕೆ ಕುಳಿತರೆ ಒಂದು ಕೊಳವೆ ಅಂಟಿಸಲು ಐದೂ ಡಬ್ಬಿ ತೆರೆಯಬೇಕಾಗುತ್ತಿತ್ತು. ಅಮ್ಮ ವಸ್ತುವಿನ ಜಾತಿ ನೋಡಿ ಇಡುವುದಿಲ್ಲ, ಕೆಲಸ ನೋಡಿ ಇಡುತ್ತಾಳೆ. ಹುಕ್ಕಿನ ಡಬ್ಬಿಯಲ್ಲೇ ಹುಕ್ಕು ಹಚ್ಚುವ ಸೂಜಿ, ಅದರ ದಾರ. ನಾನೂ ಹಾಗೇ ಮಾಡಿದೆ. ಕತ್ತರಿಸುವುದು ಒಂದು ಡಬ್ಬಿ: ಕಾಗದದ ಕತ್ತರಿ, ಕಟರ್, ಉಕ್ಕಿನ ಸ್ಕೇಲು, ಕೆಳಗೆ ಹಾಸಲು ಹಳೆಯ ರಟ್ಟು. ಸೇರಿಸುವುದು ಇನ್ನೊಂದು: ಫೆವಿಕಾಲ್, ದಾರ, ಸ್ಟೇಪ್ಲರ್, ಸೈಕಲ್ ವಾಲ್ವ್ ಟ್ಯೂಬು, ಬೆಂಕಿಕಡ್ಡಿ. ಕಡ್ಡಿ ಮತ್ತು ವಾಲ್ವ್ ಟ್ಯೂಬಿನಿಂದ ತ್ರಿಭುಜ, ಚೌಕ, ಅಣುಗಳ ರಚನೆ ಎಲ್ಲವನ್ನೂ ಕಟ್ಟಬಹುದೆಂದು ದೇಶಕ್ಕೆಲ್ಲ ತೋರಿಸಿಕೊಟ್ಟ ಅರವಿಂದ ಗುಪ್ತರ ಪುಸ್ತಕಗಳನ್ನು ನಮ್ಮ ವಿಜ್ಞಾನ ಬೋಧನೆಯವರೆಲ್ಲ ಓದಬೇಕು. ಅವರ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಮೂರನೆಯ ಡಬ್ಬಿ ಗಾಳಿ, ನೀರು ಸೋರದಂತೆ ಮಾಡುವುದಕ್ಕೆ: ಎಂ-ಸೀಲ್, ಇನ್ಸುಲೇಷನ್ ಟೇಪು, ಬಲೂನು, ಸೈಕಲ್ ಟ್ಯೂಬಿನ ಉಂಗುರಗಳು, ಮೇಣದಬತ್ತಿ. ಆ ಡಬ್ಬಿ ಹುಟ್ಟಿದ್ದು ಪೇಷೆಂಟ್ ಹೋದ ದಿನದಿಂದ.

ಇನ್ನು ಗುಜರಿ. ಇದು ನಮ್ಮಂಥವರ ದೊಡ್ಡ ರೋಗ. ಬಾಟಲಿ, ಮುಚ್ಚಳ, ಐಸ್‌ಕ್ರೀಮ್ ಕಡ್ಡಿ, ಎಲ್ಲವೂ ಮುಂದೆ ಉಪಯೋಗಕ್ಕೆ ಬರುತ್ತದೆ ಅನ್ನಿಸುತ್ತದೆ. ಎರಡು ತಿಂಗಳಲ್ಲಿ ಹಲಗೆ ಕಾಣದಂತಾಯಿತು. ಈಗ 25 ಕೆ.ಜಿ. ಅಕ್ಕಿಯ ಒಂದು ಚೀಲ ಇಟ್ಟಿದ್ದೇನೆ. ಅದು ತುಂಬಿದರೆ ಹೊಸದು ಹಾಕುವ ಮೊದಲು ಹಳೆಯದನ್ನು ತೆಗೆಯಬೇಕು. ಬಾಟಲಿ ತೊಳೆದು ಒಣಗಿಸದೆ ಚೀಲಕ್ಕೆ ಇಳಿಯುವಂತಿಲ್ಲ, ಇಲ್ಲದಿದ್ದರೆ ಇರುವೆ ಸಾಲು ಹಾಸಿಗೆಯವರೆಗೆ ಬರುತ್ತದೆ. ಚಾರ್ಟುಗಳನ್ನು ಮಡಚದೆ ಸುರುಳಿ ಸುತ್ತಿ, ಉಳಿದಿದ್ದ ಒಂದು ಪಿ.ವಿ.ಸಿ. ಪೈಪಿನೊಳಗೆ ಹಾಕಿ ಗೋಡೆಗೆ ನೇತುಹಾಕಿದ್ದೇನೆ. ಮೈದಾ ಅಂಟು ಅಗ್ಗ, ಆದರೆ ಅದಕ್ಕೆ ಜಿರಳೆ ಬರುತ್ತದೆ. ಪುಸ್ತಕ ಕಟ್ಟುವವರು ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಸೇರಿಸುವುದು ಇದಕ್ಕೇ. ಆದರೆ ಮೈಲುತುತ್ತ ವಿಷ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ತರಗತಿಯಲ್ಲಿ ಮಕ್ಕಳು ಮುಟ್ಟುವ ವಸ್ತುವಾದರೆ, ಅದರ ಸಹವಾಸ ಬೇಡ. ಕಟರ್ ಬ್ಲೇಡುಗಳೂ ಅಷ್ಟೆ. ರಜೆಗೆ ಅಕ್ಕನ ಮಗ ಬಂದಾಗ ಇಡೀ ಡಬ್ಬಿ ಅಟ್ಟಕ್ಕೆ ಹೋಗುತ್ತದೆ.

ಮಾದರಿಯನ್ನು ಎರಡನೆಯ ಸಲ ಕಟ್ಟಲು ನಾಲ್ಕು ದಿನ ಹಿಡಿಯಿತು. ಕೂಡಿಸಿದರೆ ಎರಡು ಗಂಟೆಯ ಕೆಲಸವೂ ಅಲ್ಲ. ಸೋಮವಾರ ಎಂ-ಸೀಲ್ ಕಲಸಿ ಮುಚ್ಚಳಕ್ಕೆ ಮೆತ್ತಿ ಬಿಟ್ಟೆ. ಮಂಗಳವಾರ ಮುಚ್ಚಳದ ಭಾಗವನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಊದಿದರೆ ಕವಲಿನ ಹತ್ತಿರ ಗುಳ್ಳೆ ಬಂತು. ಅಲ್ಲಿ ಇನ್ನಷ್ಟು ಮೆತ್ತಿದೆ. ಬುಧವಾರ ಗುಳ್ಳೆ ಬರಲಿಲ್ಲ, ಆದರೆ ತಳದ ರಬ್ಬರು ಎಳೆದಾಗ ಜಾರಿ ಕಳಚಿಕೊಂಡಿತು. ಸೈಕಲ್ ಟ್ಯೂಬಿನ ಉಂಗುರ ಹಾಕಿ ಬಿಗಿದೆ. ಗುರುವಾರ ರಾತ್ರಿ ಎಳೆದಾಗ ಎರಡೂ ಬಲೂನು ಉಬ್ಬಿದವು. ಪಕ್ಕದಲ್ಲಿ ಹೆಮ್ಮಿಂಗ್ ಮಾಡುತ್ತಿದ್ದ ಅಮ್ಮ, "ಇನ್ನೊಂದ್ಸಲ ಎಳಿ" ಅಂದಳು.

ಬೇರೆ ಸೆಕ್ಷನ್ನಿನಲ್ಲಿ ಅದೇ ಪಾಠ ಮಾಡುವ ಅವಕಾಶ ಸಿಕ್ಕಾಗ ಅದನ್ನೇ ಒಯ್ದೆ. ಜೊತೆಗೆ ಸೋರುವ ಹಳೆಯ ಮಾದರಿಯನ್ನೂ ಒಯ್ದೆ. ಎರಡನ್ನೂ ಮಕ್ಕಳ ಕೈಗೆ ಕೊಟ್ಟು, ಒಂದರಲ್ಲಿ ಬಲೂನು ಉಬ್ಬುತ್ತದೆ, ಇನ್ನೊಂದರಲ್ಲಿ ಯಾಕಿಲ್ಲ ಎಂದು ಕೇಳಿದೆ. ಗಾಳಿ ಬೇರೆ ದಾರಿಯಿಂದ ಒಳಗೆ ಹೋಗುತ್ತಿದೆ ಎಂದು ಒಬ್ಬಳು ಹುಡುಗಿ ಬೆರಳಿನಿಂದ ತೂತು ಮುಚ್ಚಿ ಎಳೆದು ತೋರಿಸಿದಳು. ವಪೆ ಕೆಳಗಿಳಿದರೆ ಒತ್ತಡ ತಗ್ಗುತ್ತದೆ ಎಂಬ ವಾಕ್ಯವನ್ನು ನಾನು ಬರೆಸಬೇಕಾಗಲಿಲ್ಲ. ಆ ಸೋರುವ ಬಾಟಲಿಯನ್ನು ನಾನು ಎಸೆದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಇಟ್ಟುಕೊಳ್ಳಲು ಹಲಗೆ ಇದ್ದುದರಿಂದ ಅದು ಉಳಿದಿತ್ತು.

ಆದರೆ ನಮ್ಮ ಪದ್ಧತಿ ಉಳಿಸಿಕೊಳ್ಳುವುದಕ್ಕೆ ಅಲ್ಲ, ಒಪ್ಪಿಸುವುದಕ್ಕೆ ಇರುವಂಥದು. ಪ್ರತಿ ಪಾಠಕ್ಕೂ ಹೊಸ ಉಪಕರಣ ಬೇಕು. ಎರಡನೆಯ ಬಾರಿಗೆ ಅದೇ ಮಾದರಿ ಒಯ್ದಾಗ ಗೆಳತಿಯರು, "ಹಳೇದೇ ತಂದ್ಯೇನೇ, ಮಾರ್ಕ್ಸ್ ಕಟ್ ಮಾಡ್ತಾರೆ" ಎಂದು ಹೆದರಿಸಿದ್ದರು. ಹೀಗಾಗಿ ಬೋಧನಾಭ್ಯಾಸದ ದಿನಗಳಲ್ಲಿ ಅನೇಕರು ಅಂಗಡಿಯ ಸಿದ್ಧ ಚಾರ್ಟು ತರುತ್ತಾರೆ, ಇಲ್ಲವೇ ದುಡ್ಡು ಕೊಟ್ಟು ಥರ್ಮೊಕೋಲ್ ಮಾದರಿ ಮಾಡಿಸುತ್ತಾರೆ. ವರ್ಷದ ಕೊನೆಗೆ ಅವು ಕಾಲೇಜಿನ ಕಪಾಟಿನ ಮೇಲೆ ಧೂಳು ತಿನ್ನುತ್ತವೆ. ಬಿ.ಇಡಿ. ಒಂದೇ ವರ್ಷದ್ದಾಗಿದ್ದಾಗ ಸಮಯವಿಲ್ಲ ಎಂಬ ಮಾತಿಗೆ ಅರ್ಥವಿತ್ತು. 2015ರಿಂದ ಅದು ಎರಡು ವರ್ಷದ್ದಾಗಿದೆ, ಶಾಲೆಗಳಲ್ಲಿ ನಾವು ಕಳೆಯಬೇಕಾದ ಅವಧಿಯೇ 20 ವಾರ. ಇಷ್ಟು ದಿನದಲ್ಲಿ ಹತ್ತು ಹಸಿ ಉಪಕರಣಕ್ಕಿಂತ ಮೂರು ಪಕ್ಕಾ ಉಪಕರಣ ಸಾಧ್ಯ.

ಸ್ಮಾರ್ಟ್ ಬೋರ್ಡಿನಲ್ಲಿ ಎಲ್ಲ ಸಿಗುವಾಗ ಈ ಗೋಂದು ಕತ್ತರಿ ಯಾಕೆ ಎಂದು ಕೇಳುವವರಿದ್ದಾರೆ. ಶ್ವಾಸಕೋಶದ ವಿಡಿಯೋ ನಾನೂ ತೋರಿಸಿದ್ದೇನೆ, ಚೆನ್ನಾಗಿದೆ. ಆದರೆ ಅದರ ತೂತಿಗೆ ಬೆರಳಿಡಲು ಆಗುವುದಿಲ್ಲ.

ನನ್ನ ವಾದಕ್ಕೆ ನಿಜವಾದ ಅಡ್ಡಿ ಬೇರೆ ಇದೆ. ಇದನ್ನು ಓದಿದ ನನ್ನ ಹಾಸ್ಟೆಲ್ ಗೆಳತಿ, "ನಿನಗೆ ಬಾಗಿಲ ಹಿಂದೆ ಹಲಗೆ ಕೊಡೋಕೆ ಅಮ್ಮ ಇದ್ದಾರೆ. ನಾವು ನಾಲ್ಕು ಜನಕ್ಕೆ ಒಂದು ರೂಮು" ಅಂದಳು. ಇನ್ನೊಬ್ಬ ಸಹಪಾಠಿಗೆ ಅತ್ತೆಮನೆ. ಅಲ್ಲಿ ಅವಳ ಪುಸ್ತಕಗಳಿಗೇ ಜಾಗವಿಲ್ಲ, ಮೂರು ವರ್ಷದ ಮಗು ಬೇರೆ. ಇವರಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಹಾಸ್ಟೆಲ್ ಗೆಳತಿ ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿ ಅರ್ಧ ಭಾಗ ಬಿಡಿಸಿ, ಎರಡು ಡಬ್ಬಿ ಮತ್ತು ಒಂದು ಪರೀಕ್ಷಾ ಪ್ಯಾಡು ಇಟ್ಟುಕೊಂಡಿದ್ದಾಳೆ. ಪ್ಯಾಡಿನ ಮೇಲೆ ಹಿಡಿಸುವ ಕೆಲಸ ಮಾತ್ರ ಮಾಡುತ್ತಾಳೆ. ಮದುವೆಯಾದ ಸಹಪಾಠಿಗೆ ಅದೂ ಆಗಿಲ್ಲ. ಅವಳ ಒಂದು ಡಬ್ಬಿ ಈಗ ನನ್ನ ಹಲಗೆಯ ಮೇಲಿದೆ. ಮನೆಯಲ್ಲಿ ಜಾಗ ಮಾಡಿಕೊಳ್ಳಿ ಎಂದು ಎಲ್ಲರಿಗೂ ಹೇಳುವುದು ಸುಲಭ. ಜಾಗ ಕೇಳುವ ಧೈರ್ಯ, ಕೇಳಿದರೆ ಸಿಗುವ ಭರವಸೆ ಎಲ್ಲರಿಗೂ ಒಂದೇ ಅಲ್ಲ. ಅದಕ್ಕೇ ಕಾಲೇಜಿನ ಕಾರ್ಯಾನುಭವ ಕೊಠಡಿಯ ಮಾತು ಎತ್ತುತ್ತಿದ್ದೇನೆ. ಸಂಜೆ ನಾಲ್ಕೂವರೆಗೆ ಅದಕ್ಕೆ ಬೀಗ ಬೀಳುತ್ತದೆ. ಆರೂವರೆ ತನಕ ತೆರೆದು, ಗೋಡೆಯ ಒಂದು ಬದಿಗೆ ಹಲಗೆ ಹೊಡೆಸಿ, ಮನೆಯಲ್ಲಿ ಅನುಕೂಲ ಇಲ್ಲದವರಿಗೆ ಹೆಸರಿನ ಚೀಟಿ ಅಂಟಿಸಿ ಒಂದೊಂದು ಗೇಣು ಜಾಗ ಕೊಟ್ಟರೆ ಸಾಕು. ಬೀಗದ ಕೈ ಜವಾಬ್ದಾರಿಯನ್ನು ನಾವು ಸರದಿಯ ಮೇಲೆ ಹೊರುತ್ತೇವೆ.

ಇನ್ನೊಂದು ಕೋರಿಕೆ ನಮ್ಮ ಉಪನ್ಯಾಸಕರಲ್ಲಿ. ಮುಂದಿನ ತಂಡದ ವೀಕ್ಷಣಾ ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಉಪಕರಣದ ಭಾಗದಲ್ಲಿ ಎರಡು ಸಾಲು ಸೇರಿಸಬೇಕು: ಪಾಠಕ್ಕೆ ಮುಂಚೆ ಎಷ್ಟು ಸಲ ಪರೀಕ್ಷಿಸಿದಿರಿ, ಹಿಂದಿನ ಬಳಕೆಯ ನಂತರ ಏನು ತಿದ್ದಿದಿರಿ. ಆಕರ್ಷಕತೆಯ ಅಂಕದಲ್ಲಿ ಎರಡನ್ನು ಕಡಿಮೆ ಮಾಡಿ ಇವಕ್ಕೆ ಕೊಟ್ಟರೂ ಆದೀತು. ನನ್ನ ಆರನೆಯ ಪಾಠದ ನಾಲ್ಕು ಅಂಕದಲ್ಲಿ ಎರಡು ಹೋದರೆ ನನ್ನ ತಕರಾರಿಲ್ಲ.